ಎಡಗೈಗೆ ಹೋದ ಕಮಾನು

ಕೊಳಲು ಊದುವವರು ಕವರಿನ ಮೇಲೆ ಕೊಳಲು ಊದುವುದಿಲ್ಲ. ಎದೆಗೆ ಓರೆಯಾಗಿ ಹಿಡಿದುಕೊಂಡು, ಈಗಷ್ಟೇ ಯಾರೋ ಅದನ್ನು ಉಡುಗೊರೆ ಕೊಟ್ಟಿದ್ದಾರೆ ಎಂಬಂತೆ ನಗುತ್ತಾರೆ. ಮೃದಂಗದವರು ಎರಡು ಕೈಗಳನ್ನು ಎರಡು ಬದಿಗೆ ಇಟ್ಟು ಎಲ್ಲೋ ದೂರ ನೋಡುತ್ತಾರೆ. ವೀಣೆಯವರು ತಲೆ ತುಸು ವಾಲಿಸುತ್ತಾರೆ. ಹಾಡುವವರ ಪಾಡು ಎಲ್ಲರಿಗಿಂತ ಕಷ್ಟ, ಅವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಹಾಗಾಗಿ ಒಂದು ಕೈಯನ್ನು ಮೇಲೆತ್ತಿ, ಮಳೆ ಹನಿ ಬಿತ್ತೇ ಎಂದು ನೋಡುವವರ ಹಾಗೆ ಕೂರುತ್ತಾರೆ. ಹೀಗೆಲ್ಲ ಕೂರಿಸಿದವನು ಬೇರೆ ಯಾರೂ ಅಲ್ಲ, ನಾನೇ. ಕುಂದಾಪುರದಲ್ಲಿ ಮೂವತ್ತು ಚಿಲ್ಲರೆ ವರ್ಷ ಸ್ಟುಡಿಯೋ ಇಟ್ಟುಕೊಂಡು ಕೂತವನು. ಈ ಕರಾವಳಿಯಲ್ಲಿ ಬಂದ ಕ್ಯಾಸೆಟ್ಟು, ಸೀಡಿಗಳ ಮೇಲಿನ ಎಷ್ಟೋ ಮುಖಗಳು ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಬೆವರಿದ ಮುಖಗಳು.

ನನ್ನ ಹತ್ತಿರ ಹೇಳಲು ಎರಡೇ ಮಾತು ಇದ್ದವು. ಸ್ವಲ್ಪ ನಗಿ, ಹಲ್ಲು ಬೇಡ. ವಾದ್ಯ ನೋಡಬೇಡಿ, ನನ್ನನ್ನು ನೋಡಿ. ಇಷ್ಟನ್ನೇ ಎಷ್ಟು ಸಾವಿರ ಸಲ ಹೇಳಿದ್ದೇನೋ, ಈಗ ನೆನಪಿಸಿಕೊಂಡರೆ ದವಡೆ ನೋಯುತ್ತದೆ. ಒಬ್ಬರೂ ತಿರುಗಿ ಎಂತಕ್ಕೆ ಎಂದು ಕೇಳಲಿಲ್ಲ. ಕಛೇರಿಯಲ್ಲಿ ಸಾವಿರ ಜನರ ಎದುರು ಎದೆ ಸೆಟೆಸಿ ಕೂರುವವರೆಲ್ಲ ನನ್ನ ಎರಡು ಲೈಟಿನ ಮುಂದೆ ಒದ್ದೆ ಬೆಕ್ಕಾಗುತ್ತಿದ್ದರು. ಬ್ರಹ್ಮಾವರದ ಕಡೆಯ ಒಬ್ಬ ಸ್ಯಾಕ್ಸೋಫೋನಿನವರು ಮಾತ್ರ, ನಾನು ಊದುತ್ತಿರುವಾಗಲೇ ತೆಗೆಯಿರಿ ಎಂದು ಹಟ ಹಿಡಿದರು. ತೆಗೆದೆ. ಪ್ರಿಂಟ್ ನೋಡಿದ ಅವರ ಹೆಂಡತಿ, ಇದೆಂತ, ಎರಡೂ ಕಡೆ ದವಡೆ ಹಲ್ಲು ನೋವು ಬಂದವರ ಹಾಗೆ ಕಾಣುತ್ತದಲ್ಲ ಎಂದರು. ಮರುದಿನವೇ ಅವರು ಬಂದು, ವಾದ್ಯವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಹಲ್ಲು ಕಾಣದ ಹಾಗೆ ನಕ್ಕು ಹೋದರು.

ಸ್ಟುಡಿಯೋದಲ್ಲಿ ನನ್ನದೇ ಒಂದು ವೀಣೆ ಇತ್ತು. ತಂತಿ ಇಲ್ಲದ್ದು. ಯಾರದ್ದೋ ಅಟ್ಟದಿಂದ ತಂದು, ವಾರ್ನಿಶು ಹೊಡೆದು, ಬಣ್ಣದ ಪರದೆಯ ಎದುರು ಇಟ್ಟಿದ್ದೆ. ಮದುವೆಗೆ ಬಂದ ಹುಡುಗಿಯರ ಫೋಟೋ ತೆಗೆಸಲು ಬರುವ ತಾಯಂದಿರಿಗೆ ಅದರ ಮೇಲೆ ಬಹಳ ಕಣ್ಣು. ಸರಿಗಮ ಗೊತ್ತಿಲ್ಲದ ಎಷ್ಟು ಹುಡುಗಿಯರು ಆ ವೀಣೆ ಹಿಡಿದು ಮುಂಬೈಯ ಹೋಟೆಲಿನವರ ಮನೆ ಸೊಸೆಯಾಗಿ ಹೋದರೋ ದೇವರಿಗೇ ಗೊತ್ತು. ಒಮ್ಮೆ ಕಿರಿಮಂಜೇಶ್ವರದಿಂದ ನಿಜವಾಗಿ ವೀಣೆ ನುಡಿಸುವವರೊಬ್ಬರು ಕ್ಯಾಸೆಟ್ಟಿನ ಫೋಟೋಕ್ಕೆ ಬಂದರು. ತಮ್ಮ ವೀಣೆಯನ್ನು ಬಸ್ಸಿನಲ್ಲಿ ತರಲು ಹೆದರಿ, ಬರಿಗೈಯಲ್ಲಿ ಬಂದಿದ್ದರು. ನನ್ನದನ್ನೇ ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡು, ಕೈ ಆಡಿಸಿ, ತಂತಿಯೇ ಇಲ್ಲವಲ್ಲ ಎಂದರು. ಪ್ರಿಂಟಿನಲ್ಲಿ ತಂತಿ ಯಾರಿಗೆ ಕಾಣುತ್ತದೆ ಅಮ್ಮ, ನೀವು ಈಚೆ ನೋಡಿ ಎಂದೆ. ಪ್ರಿಂಟಿನಲ್ಲಿ ಕಾಣಲೂ ಇಲ್ಲ. ನನಗೆ ಅದೊಂದು ಹೆಮ್ಮೆಯ ಕಥೆಯಾಗಿತ್ತು, ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ. ಈಗ ಹೇಳುವಾಗ ನಗು ಬರುವುದಿಲ್ಲ.

ಈಗ ಕ್ಯಾಸೆಟ್ಟೂ ಇಲ್ಲ, ಸೀಡಿಯೂ ಇಲ್ಲ. ಕವರ್ ಎಂದರೆ ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚೌಕ. ಅದಕ್ಕೂ ಈಗಿನವರು ಮರವಂತೆಯ ಕಡಲ ಬದಿಗೆ ಹೋಗಿ, ಪಿಟೀಲನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನೆಲದ ಮೇಲೆ ಕೂತು ನುಡಿಸುವ ವಿದ್ಯೆ ಕಲಿತವರು ನಿಂತುಕೊಂಡು ಯಾಕೆ ತೆಗೆಸುತ್ತಾರೋ ನಾನು ಕೇಳುವುದಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಮೊಣಕಾಲು ನೋವು, ಕಣ್ಣಿಗೆ ಪೊರೆ. ಪಾಸ್‌ಪೋರ್ಟ್ ಸೈಜು, ಶ್ರದ್ಧಾಂಜಲಿಯ ಫ್ಲೆಕ್ಸು, ಇಷ್ಟರಲ್ಲಿ ದಿನ ಹೋಗುತ್ತದೆ. ಇದನ್ನು ಬರೆಯಲು ಕೂತದ್ದು ಒಂದೇ ಒಂದು ಫೋಟೋದ ಸಲುವಾಗಿ. ಅದನ್ನು ಯಾರಿಗೂ ಹೇಳದೆ ಇನ್ನು ಇಟ್ಟುಕೊಳ್ಳಲು ನನ್ನಿಂದಾಗದು.

ಉಪ್ಪುಂದದಲ್ಲಿ ಪಿಟೀಲು ಮಾಷ್ಟ್ರು ಒಬ್ಬರಿದ್ದಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆ ಮನೆಗೆ ಹೋಗಿ ಪಾಠ ಹೇಳಿದವರು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿ ಬದಿಗೆ ಕೂತು, ಸರ್ವೀಸ್ ಬಸ್ಸಿನಲ್ಲಿ ಹೋಗುವ ಅವರನ್ನು ಈ ಹೆದ್ದಾರಿಯ ಕಂಡಕ್ಟರುಗಳೆಲ್ಲ ಬಲ್ಲರು. ನಮ್ಮ ಕಡೆ ಯಾರದ್ದೇ ಹಾಡುಗಾರಿಕೆ ಇರಲಿ, ಪಕ್ಕವಾದ್ಯಕ್ಕೆ ಅವರೇ. ಹಾಡುವವರು ದಾರಿ ತಪ್ಪಿದರೆ ಗೊತ್ತಾಗದ ಹಾಗೆ ಎತ್ತಿ ಕೂರಿಸುವವರು ಅವರು ಎಂದು ಬಲ್ಲವರು ಹೇಳುತ್ತಿದ್ದರು. ಆ ಕ್ಯಾಸೆಟ್ಟುಗಳಿಗೆಲ್ಲ ಫೋಟೋ ತೆಗೆದವನು ನಾನು, ಆದರೆ ಅವರ ಮುಖ ಒಂದರ ಮೇಲೂ ಬರಲಿಲ್ಲ. ಗುಂಪಿನ ಫೋಟೋ ತೆಗೆದು ಹಾಡುವವರನ್ನು ಇಟ್ಟುಕೊಂಡು ಬದಿಯವರನ್ನು ಕತ್ತರಿಸುವುದು ನಮ್ಮ ಪದ್ಧತಿ. ಪಕ್ಕವಾದ್ಯದವರು ಕವರಿನ ಒಳಗಡೆ, ಸಣ್ಣ ಅಕ್ಷರದಲ್ಲಿ. ಒಂದು ಕ್ಯಾಸೆಟ್ಟಿನಲ್ಲಂತೂ ನಾನು ಕತ್ತರಿಸಿದ್ದು ಸ್ವಲ್ಪ ಕಡಿಮೆಯಾಗಿ, ಹಾಡುವವರ ಪಕ್ಕದಲ್ಲಿ ಎಲ್ಲಿಂದಲೋ ಪಿಟೀಲಿನ ಕಮಾನಿನ ತುದಿ ಮಾತ್ರ ಇಣುಕುತ್ತಿತ್ತು. ಮಾಷ್ಟ್ರು ಅದನ್ನು ನೋಡಿ, ಇಷ್ಟಾದರೂ ಬಂದೆನಲ್ಲ ಎಂದು ನಕ್ಕಿದ್ದರು.

ಅವರಿಗೆ ಅರವತ್ತು ಕಳೆದ ಮೇಲೆ ಅವರದ್ದೇ ಒಂದು ಸೀಡಿ ಮಾಡುವ ಯೋಗ ಬಂತು. ಬೈಂದೂರು ಮೂಲದ, ಮುಂಬೈಯಲ್ಲಿ ಹೋಟೆಲು ಇಟ್ಟವರೊಬ್ಬರು ತಮ್ಮೂರ ದೇವಿಯ ಗುಡಿಯಲ್ಲಿ ಅವರ ಪಿಟೀಲು ಕೇಳಿ, ಇದನ್ನು ನಾನು ಹೊರತರುತ್ತೇನೆ ಎಂದರಂತೆ. ಹಾಡುವವರಿಲ್ಲ, ಬರೀ ಪಿಟೀಲು. ಹಿಂದೆ ಮೃದಂಗ, ಅಷ್ಟೇ. ಫೋಟೋಕ್ಕೆ ಬಂದ ದಿನ ಮಾಷ್ಟ್ರು ಇಸ್ತ್ರಿ ಹಾಕಿದ ಜುಬ್ಬವನ್ನು ಬೇರೆ ಚೀಲದಲ್ಲಿ ತಂದಿದ್ದರು, ಬಸ್ಸಿನಲ್ಲಿ ಮುದ್ದೆಯಾದೀತೆಂದು. ಕ್ಷೌರವನ್ನೂ ಮುಂಚಿನ ದಿನವೇ ಮಾಡಿಸಿಕೊಂಡಿದ್ದರಂತೆ, ಅದೇ ದಿನ ಮಾಡಿಸಿದರೆ ಮುಖ ಕೆಂಪಾಗುತ್ತದೆಂದು. ಇದು ನನ್ನದೊಂದೇ, ಇನ್ನೊಂದು ಬರುವುದಿಲ್ಲ, ಸ್ವಲ್ಪ ನೋಡಿ ತೆಗೆಯಿರಿ ಎಂದು ಎರಡು ಸಲ ಹೇಳಿದರು. ಅವರು ಏನನ್ನಾದರೂ ಎರಡು ಸಲ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಚಾಪೆ ಹಾಸಿ ಕೂರಿಸಿದೆ. ಬಲಗಾಲು ತುಸು ಮುಂದೆ ಚಾಚಿ, ಪಿಟೀಲಿನ ಸುರುಳಿಯನ್ನು ಪಾದದ ಗಂಟಿನ ಮೇಲೆ ಇಟ್ಟು, ಅದರ ಬುಡವನ್ನು ಎದೆಗೆ ಆನಿಸಿಕೊಂಡರು. ಎಡಗೈ ತಂತಿಯ ಮೇಲೆ, ಬಲಗೈಯಲ್ಲಿ ಕಮಾನು. ಹಿಡಿದ ಕೂಡಲೇ ನುಡಿಸಲಿಕ್ಕೆ ಶುರು ಮಾಡಿದರು. ನುಡಿಸಬೇಡಿ ಮಾಷ್ಟ್ರೇ, ಕಮಾನು ಅಲುಗಿ ಮಸುಕಾಗುತ್ತದೆ, ಸುಮ್ಮನೆ ಹಿಡಿದುಕೊಳ್ಳಿ ಎಂದೆ. ನಿಲ್ಲಿಸಿದರು. ಆದರೆ ಎಡಗೈ ಬೆರಳನ್ನು ತಂತಿಯ ಮೇಲೆ ಸ್ವಲ್ಪ ಆಚೆ, ಸ್ವಲ್ಪ ಈಚೆ ಮಾಡುತ್ತಲೇ ಇದ್ದರು. ನನಗೆ ಸಿಟ್ಟು ಬಂತು. ಹೊರಗೆ ಎರಡು ಮದುವೆ ಪಾರ್ಟಿಯವರು ಆಲ್ಬಮ್ಮಿಗೆ ಕಾಯುತ್ತಿದ್ದರು. ಬೆರಳು ಎಲ್ಲಿದ್ದರೆ ಎಂತ ಮಾಷ್ಟ್ರೇ ಎಂದುಬಿಟ್ಟೆ.

"ಕಂಡವ್ರಿಗೆ ಗೊತ್ತಾತ್ತ್" ಎಂದರು, ಮೆಲ್ಲಗೆ.

ಕಡೆಗೊಮ್ಮೆ ಬೆರಳು ಅವರಿಗೆ ಬೇಕಾದಲ್ಲಿ ನಿಂತಿತು. ಯಾವ ರಾಗದ ಯಾವ ಸ್ವರವೋ ನಾನು ಕೇಳಲಿಲ್ಲ. ಎರಡು ಗಂಟೆ ಅವರ ಎದುರು ಕೂತಿದ್ದೆ. ಮುಖದ ಮೇಲೆ ಬೆಳಕು ಸರಿಯಿದೆಯೇ, ಹಣೆ ಹೊಳೆಯುತ್ತದೆಯೇ, ಜುಬ್ಬದ ಕಾಲರು ಕೂತಿದೆಯೇ, ಎಲ್ಲವನ್ನೂ ನೋಡಿದೆ. ಫೋಟೋ ಚೆಂದ ಬಂತು. ಅದನ್ನು ನಾನು ಈಗಲೂ ಹೇಳುತ್ತೇನೆ, ಆ ಮುಖವನ್ನು ಅಷ್ಟು ಚೆಂದವಾಗಿ ಬೇರೆ ಯಾರೂ ತೆಗೆದಿಲ್ಲ.

ಕವರನ್ನು ಕಂಪ್ಯೂಟರಿನಲ್ಲಿ ಕೂಡಿಸಿದ್ದೂ ನಾನೇ. ಎಡಕ್ಕೆ ದೇವಿಯ ಚಿತ್ರ, ಅದರ ಸುತ್ತ ದೀಪ, ಕೆಳಗೆ ಹೆಸರು. ಅಷ್ಟನ್ನು ಸೀಡಿ ಕಂಪನಿಯವರು ಮಾಡಿ ಕಳಿಸಿದ್ದರು, ಅದನ್ನು ಅಲುಗಿಸುವಂತಿಲ್ಲ. ಬಲಕ್ಕೆ ಮಾಷ್ಟ್ರನ್ನು ಕೂರಿಸಿದೆ. ಮುಂಬೈಯವರಿಗೆ ಈಮೇಲ್ ಮಾಡಿದ ಹತ್ತೇ ನಿಮಿಷಕ್ಕೆ ಫೋನು ಬಂತು. ಮಾಷ್ಟ್ರ ಮುಖ ಆಚೆ ಕಡೆಗಿತ್ತು ನೋಡಿ.

"ದೇವಿಗೆ ಬೆನ್ನ್ ಹಾಕಿ ಕೂತಂಗ್ ಕಾಂತ್ ಮರ್ರೆ. ಸಮ ಮಾಡಿ" ಎಂದರು.

ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಮದುವೆ ಕಾಗದದಲ್ಲಿ ಗಣಪತಿ ಯಾವ ಕಡೆ ಇರಬೇಕು, ಆಲ್ಬಮ್ಮಿನಲ್ಲಿ ಹೆಣ್ಣು ಗಂಡಿನ ಯಾವ ಬದಿಗೆ ನಿಲ್ಲಬೇಕು ಎಂದು ಜಗಳ ಆಡಿದವರನ್ನು ನೋಡಿದವನು ನಾನು. ದೇವಿಗೆ ಬೆನ್ನು ಹಾಕಿದ ಕವರನ್ನು ದೇವಿಯ ಗುಡಿಯಲ್ಲೇ ಬಿಡುಗಡೆ ಮಾಡುವುದೆಂದರೆ ಯಾರು ಒಪ್ಪುತ್ತಾರೆ? ಮಾಷ್ಟ್ರನ್ನು ಮತ್ತೆ ಕರೆಸಲು ಸಮಯವಿರಲಿಲ್ಲ, ಪ್ರಿಂಟಿಗೆ ಮರುದಿನ ಹೋಗಬೇಕಿತ್ತು. ಒಂದು ಕೀಲಿ ಒತ್ತಿದರೆ ಫೋಟೋ ಮಗುಚುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಒತ್ತಿದೆ. ಮಾಷ್ಟ್ರು ದೇವಿಯ ಕಡೆಗೆ ತಿರುಗಿದರು.

ಆಮೇಲೆ ನಾನು ಮಾಡಿದ್ದನ್ನು ಕೇಳಬೇಕು ನೀವು. ಮಗುಚಿದರೆ ಬಲದ್ದು ಎಡಕ್ಕೆ ಹೋಗುತ್ತದೆ ಎಂದು ಗೊತ್ತಿಲ್ಲದವನಲ್ಲ ನಾನು. ಅವರ ಎಡಗೆನ್ನೆಯ ಮೇಲೆ ಕಡಲೆ ಕಾಳಿನಷ್ಟು ಮಚ್ಚೆ, ಅದು ಬಲಕ್ಕೆ ಹೋಗಿತ್ತು. ಕೂತು ಅದನ್ನು ಎಡಕ್ಕೆ ದಾಟಿಸಿದೆ. ಕ್ರಾಪಿನ ಬೈತಲೆ ಬದಲಾಗಿತ್ತು, ಸರಿ ಮಾಡಿದೆ. ಜುಬ್ಬದ ಕಿಸೆ, ಗುಂಡಿ, ಎಲ್ಲ ಸರಿ ಮಾಡಿದೆ. ಕಡೆಗೆ ವಾಚು. ಎಡಗೈಯಲ್ಲಿದ್ದ ವಾಚು ಬಲಗೈಗೆ ಹೋಗಿತ್ತಲ್ಲ, ಅದನ್ನು ಬಿಡಿಸಿ ಎಡಗೈಗೆ ಕಟ್ಟಿದೆ. ಆ ಕೆಲಸಕ್ಕೆ ಎರಡೂ ಮಣಿಕಟ್ಟನ್ನು ಸ್ಕ್ರೀನಿನ ತುಂಬ ದೊಡ್ಡದು ಮಾಡಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ವಾಚಿನ ಬೆಲ್ಟಿನ ತೂತು ಕೂಡ ಸರಿಯಾಗಿ ಬಂತು. ನನ್ನ ಕೆಲಸಕ್ಕೆ ನಾನೇ ಭೇಷ್ ಎಂದುಕೊಂಡು ಎದ್ದೆ.

ಬಿಡುಗಡೆಯ ದಿನ ಮುಂಬೈಯವರು ಮೈಕಿನ ಎದುರು, ಮಾಷ್ಟ್ರು ಮೊದಲು ದೇವಿಗೆ ಬೆನ್ನು ಹಾಕಿದ್ದರು, ನಾನೇ ಹೇಳಿ ಈಚೆಗೆ ತಿರುಗಿಸಿದೆ ಎಂದು ತಮಾಷೆ ಮಾಡಿದರು. ಜನ ನಕ್ಕರು. ನಾನೂ ನಕ್ಕೆ, ಕ್ಯಾಮೆರಾದ ಹಿಂದೆ. ಮಾಷ್ಟ್ರು ಸೀಡಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದು ನಾನು ಅಂದುಕೊಂಡೆ. ಆಮೇಲೆ ಅದನ್ನು ಪಿಟೀಲು ಪೆಟ್ಟಿಗೆಯೊಳಗೆ ಇಟ್ಟು, ಎದುರು ಕೂತವರಿಗೆ ಕೈ ಮುಗಿದರು.

ಒಂದು ವರ್ಷ ಹೀಗೇ ಹೋಯಿತು. ಬ್ರಹ್ಮಾವರದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹೆಂಗಸೊಬ್ಬರು ಮಾಷ್ಟ್ರ ಹತ್ತಿರ ಹೊಸತಾಗಿ ಪಿಟೀಲು ಕಲಿಯುತ್ತಿದ್ದರು. ಪಾಸ್‌ಪೋರ್ಟ್ ಸೈಜಿಗೆ ಬಂದವರು, ನಿಮ್ಮ ಕವರಿನಿಂದ ನನಗೆ ಫಜೀತಿ ಆಯಿತು ಎಂದು ನಗುತ್ತಾ ಕೂತರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಹೇಗೆ ಹಿಡಿಯುವುದೆಂದು ಮರೆತು, ಸೀಡಿಯನ್ನು ಎದುರು ನಿಲ್ಲಿಸಿಕೊಂಡು, ಅದರಲ್ಲಿರುವ ಹಾಗೇ ಕಮಾನನ್ನು ಎಡಗೈಯಲ್ಲಿ ಹಿಡಿದು ಒಂದು ವಾರ ತಿಕ್ಕಿದ್ದರಂತೆ. ಪಾಠಕ್ಕೆ ಬಂದ ಮಾಷ್ಟ್ರು ಕಂಡು, ಇದು ಯಾರು ಕಲಿಸಿದ್ದು ಎಂದರಂತೆ. ನೀವೇ, ಎಂದು ಇವರು ಸೀಡಿ ತೋರಿಸಿದರಂತೆ. ಮಾಷ್ಟ್ರು ಸೀಡಿಯನ್ನು ತಿರುಗಿಸಿ ಮುಖ ಅಡಿ ಮಾಡಿ ಇಟ್ಟು, ಪಾಠ ಶುರು ಮಾಡಿದರಂತೆ.

ಆಕೆ ಹೋದ ಕೂಡಲೇ ಕಪಾಟಿನಿಂದ ಸೀಡಿ ತೆಗೆದು ನೋಡಿದೆ. ಎಡಗೈಯಲ್ಲಿ ಕಮಾನು, ಎಡಗೈಯಲ್ಲೇ ವಾಚು. ಬಲಗೈ ಬೆರಳು ತಂತಿಯ ಮೇಲೆ. ಮಚ್ಚೆ ಮಾತ್ರ ಎಲ್ಲಿರಬೇಕೋ ಅಲ್ಲಿ. ಇಪ್ಪತ್ತು ವರ್ಷ ವಾದ್ಯದವರ ಫೋಟೋ ತೆಗೆದವನಿಗೆ ಕಮಾನು ಯಾವ ಕೈಯಲ್ಲಿ ಇರುತ್ತದೆ ಎಂದು ತಿಳಿದಿರಲಿಲ್ಲ. ಇಷ್ಟು ದೊಡ್ಡ ಕತ್ತೆ ಈ ಊರಿನಲ್ಲಿ ಬೇರೆ ಇರಲಾರದು. ಆ ಮನುಷ್ಯ ಜೀವಮಾನವಿಡೀ ಬದಿಯಲ್ಲಿ ಕೂತು, ಒಂದೇ ಒಂದು ಸಲ ನಡುವಿಗೆ ಬಂದದ್ದು. ಬಂದಾಗ ಪಿಟೀಲು ಹಿಡಿಯಲು ಬಾರದವರ ಹಾಗೆ ಕೂರಿಸಿ, ಅಚ್ಚು ಹಾಕಿಸಿ, ಊರಿಗೆಲ್ಲ ಹಂಚಿಸಿದ್ದೆ. ಪಿಟೀಲು ಬಲ್ಲವರು ಅದನ್ನು ಕಂಡು ಏನೆಂದುಕೊಂಡಿರಬಹುದು? ಅವರು ಬೆರಳು ಸರಿ ಮಾಡುತ್ತ ಕೂತದ್ದು ಆ ಬಲ್ಲವರ ಕಣ್ಣಿಗಾಗಿ ತಾನೇ?

ಹೋಗಿ ಕಾಲಿಗೆ ಬೀಳಬೇಕಿತ್ತು. ಹೋಗಲಿಲ್ಲ. ನಾಳೆ ಹೋಗುವ, ಈ ಮದುವೆ ಸೀಸನ್ ಮುಗಿಯಲಿ, ಮಳೆ ಬಿಡಲಿ, ಹೀಗೆ. ಒಮ್ಮೆ ಉಪ್ಪುಂದಕ್ಕೇ ಮದುವೆಗೆ ಹೋದವನು, ಅವರ ಮನೆಯ ದಾರಿ ಬಿಟ್ಟು, ಸುತ್ತು ಬಳಸಿ ಹೆದ್ದಾರಿಗೆ ಬಂದೆ. ತೆಕ್ಕಟ್ಟೆಯ ಹಾಲ್ ಒಂದರಲ್ಲಿ ಎದುರೆದುರೇ ಸಿಕ್ಕಿದರು. ಮಕ್ಕಳು ಎಂತ ಮಾಡುತ್ತಾರೆ, ಸ್ಟುಡಿಯೋ ಹೇಗೆ ನಡೆಯುತ್ತದೆ ಎಂದು ಕೇಳಿದರು. ಸೀಡಿಯ ಮಾತು ಎತ್ತಲಿಲ್ಲ. ಲೈಟು ಹಾಕಬೇಕು ಮಾಷ್ಟ್ರೇ ಎಂದು ಸುಳ್ಳು ಹೇಳಿ ಜಾರಿಕೊಂಡೆ. ಒಮ್ಮೊಮ್ಮೆ, ಅವರಿಗೆ ಅಷ್ಟಾಗಿ ಮನಸ್ಸಿಗೆ ಹತ್ತಿಲ್ಲವೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಎಂಥ ಸಮಾಧಾನ, ನನ್ನ ತಲೆ. ಹೀಗೆ ಹನ್ನೊಂದು ವರ್ಷ ತಲೆ ಮರೆಸಿಕೊಂಡು ಬದುಕಿದೆ. ಅದರ ಆಯಾಸ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಕೆಲಸ ಮಾಡಿ ಆದ ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ, ಇದು ಹೋಗುವುದಿಲ್ಲ.

ಈ ವರ್ಷ ಅವರ ಮಗಳು ಫೋನು ಮಾಡಿದಳು. ಬೈಂದೂರಿನ ಹೈಸ್ಕೂಲಿನಲ್ಲಿ ಟೀಚರು, ಗಂಡ ಮಕ್ಕಳ ಜೊತೆ ಅಪ್ಪನ ಮನೆಯಲ್ಲೇ ಇರುವವಳು. ಅಪ್ಪಯ್ಯ ಬಚ್ಚಲಲ್ಲಿ ಬಿದ್ದು ಬಲಭುಜದ ಮೂಳೆ ಮುರಿದು ಎಂಟು ತಿಂಗಳಾಯಿತು, ಕೈ ಎದೆಯಿಂದ ಮೇಲೆ ಬರುವುದಿಲ್ಲ, ಇನ್ನು ಪಿಟೀಲು ಇಲ್ಲ ಎಂದಳು. ಶಿಷ್ಯರೆಲ್ಲ ಕೇಳುತ್ತಾರೆ, ಆ ಸೀಡಿಯಲ್ಲಿರುವುದನ್ನು ಯೂಟ್ಯೂಬಿಗೆ ಹಾಕುತ್ತಿದ್ದೇನೆ, ನೀವು ಒಂದು ಫೋಟೋ ಮಾಡಿಕೊಡಬೇಕು ಅಣ್ಣ ಎಂದಳು. ಹಳೆಯದು ಬೇಡವೆಂದು ಅಪ್ಪಯ್ಯ ಹೇಳಿದ್ದಾರೆ, ಹೊಸತು ತೆಗೆಯಿರಿ. ಹಳೆಯದು ಯಾಕೆ ಬೇಡ ಎಂದು ಅವಳು ಹೇಳಲಿಲ್ಲ. ಬಹುಶಃ ಅವಳಿಗೂ ಅವರು ಹೇಳಿರಲಿಲ್ಲ.

ಆ ದಿನವೆಲ್ಲ ಹಳೆಯ ಹಾರ್ಡ್‌ಡಿಸ್ಕುಗಳನ್ನು ಸಿಕ್ಕಿಸಿ ಸಿಕ್ಕಿಸಿ ಹುಡುಕಿದೆ. ಮೂಲ ಫೋಟೋ ಇಲ್ಲ. ಮಗುಚಿದ್ದನ್ನೇ ಅದರ ಮೇಲೆ ಸೇವ್ ಮಾಡಿಬಿಟ್ಟಿದ್ದೆ. ಸಿಕ್ಕಿದ್ದು ಅದೊಂದೇ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕ್ಯಾಮೆರಾ ಹೆಗಲಿಗೆ ಹಾಕಿ, ಬಸ್ಸು ಹತ್ತಿದೆ. ಸ್ಕೂಟರಿನಲ್ಲಿ ಅಷ್ಟು ದೂರ ಹೋಗಲು ಈಗ ಮೊಣಕಾಲು ಒಪ್ಪುವುದಿಲ್ಲ.

ಮಾಷ್ಟ್ರು ಚಾವಡಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಬನ್ನಿ ಎಂದು ಎಡಗೈಯಲ್ಲಿ ಕರೆದರು. ಮಗಳು ಪಿಟೀಲು ತಂದು ಅವರ ಎದೆಗೆ ಆನಿಸಿ, ಕಮಾನನ್ನು ಕೈಯಲ್ಲಿ ಇಡಲು ನೋಡಿದಳು. ಸುಮ್ಮನೆ ಹಿಡಿದುಕೊಂಡರೆ ಸಾಕು ಅಪ್ಪಯ್ಯ, ಒಂದೇ ನಿಮಿಷ ಎಂದಳು. ನನ್ನ ಬಾಯಲ್ಲೂ ಅದೇ ಮಾತು ಬಂದಿತ್ತು, ನಾಲಿಗೆ ಕಚ್ಚಿಕೊಂಡೆ. ಮಾಷ್ಟ್ರು ಕಮಾನನ್ನು ಅವಳ ಕೈಗೇ ವಾಪಸು ಕೊಟ್ಟರು.

"ನುಡ್ಸುಕಾತಿಲ್ಲೆ ಅಂದ್ಮೇಲೆ ಹಿಡ್ಕಂಡ್ ಕೂಕಂಬುದ್ ಎಂತಕ್ಕೆ?" ಎಂದರು.

ಅವಳು ಒಳ್ಳೆಯ ಮಾತಿನಲ್ಲಿ ಹೇಳಿದಳು, ಸಿಟ್ಟಿನಲ್ಲಿ ಹೇಳಿದಳು. ಅವರು ಒಪ್ಪಲಿಲ್ಲ. ಹಾಗಾದರೆ ಫೋಟೋ ಇಲ್ಲದೆಯೇ ಹಾಕುವುದಾ ಎಂದು ಅವಳು ಪಿಟೀಲನ್ನು ಪೆಟ್ಟಿಗೆಗೆ ಇಡುವಾಗ, ನಾನು ಲ್ಯಾಪ್‌ಟಾಪ್ ತೆರೆದೆ. ಹಳೆಯ ಫೋಟೋ ತೋರಿಸಿ, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮಗುಚಿದ್ದು, ಮಚ್ಚೆ ದಾಟಿಸಿದ್ದು, ವಾಚು ದಾಟಿಸಿದ್ದು, ಬ್ರಹ್ಮಾವರದವರು ಬಂದು ಹೇಳಿದ್ದು, ಹನ್ನೊಂದು ವರ್ಷ ಮುಖಕ್ಕೆ ಮುಖ ಕೊಡದೆ ಓಡಾಡಿದ್ದು. ಮಗಳು ಬಗ್ಗಿ ಸ್ಕ್ರೀನು ನೋಡಿ, ಅಯ್ಯೋ ದೇವರೇ ಎಂದು ಬಾಯಿಗೆ ಸೆರಗು ಹಿಡಿದಳು. ಇಷ್ಟು ವರ್ಷ ಮನೆಯಲ್ಲೇ ಇದ್ದ ಸೀಡಿಯಲ್ಲಿ ಅವಳೂ ಅದನ್ನು ಕಂಡಿರಲಿಲ್ಲ.

ಕೀಲಿ ಒತ್ತಿದೆ. ಫೋಟೋ ಮಗುಚಿತು. ಕಮಾನು ಬಲಗೈಗೆ ಬಂತು, ಬೆರಳು ಎಡಗೈಯದಾಯಿತು. ಮಾಷ್ಟ್ರು ಕುರ್ಚಿಯಿಂದ ಮುಂದೆ ಬಗ್ಗಿ, ತಂತಿಯ ಮೇಲಿದ್ದ ಆ ಬೆರಳನ್ನೇ ನೋಡಿದರು. ಅವರ ತುಟಿ ಅಲುಗಿತು, ಆ ಸ್ವರ ಒಳಗೇ ಹೇಳಿಕೊಂಡರೋ ಏನೋ. ಆದರೆ ಈಗ ಮಚ್ಚೆ ಬಲಗೆನ್ನೆಗೆ ಬಂದಿತ್ತು, ಬೈತಲೆ ತಪ್ಪಿತ್ತು, ವಾಚು ಬಲಗೈಗೆ ಹೋಗಿತ್ತು. ಇದು ಅಪ್ಪಯ್ಯನ ಮುಖದ ಹಾಗೆ ಇಲ್ಲ ಎಂದಳು ಮಗಳು. ಒಂದು ಗಂಟೆ ಕೊಡಿ, ಎಲ್ಲ ಸರಿ ಮಾಡುತ್ತೇನೆ ಎಂದೆ. ಮಾಷ್ಟ್ರು ಕೈ ಅಡ್ಡ ಮಾಡಿದರು.

"ಮಚ್ಚೆ ಕಂಡ್ ಯಾರ್ ಪಿಟೀಲ್ ಕಲೀತ್ರ್? ಇರ್ಲಿ ಬಿಡಿ. ಇನ್ನ್ ಎಂತದೂ ಮುಟ್ಟುದ್ ಬೇಡ."

ಮಗಳ ಮೊಬೈಲಿಗೆ ಅದನ್ನೇ ಕಳಿಸಿದೆ. ಅವಳು ಅದನ್ನು ಚೌಕಕ್ಕೆ ಕೂರಿಸಲು ಒಳಗೆ ಹೋದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ಕಾಫಿ ಕುಡಿದು ಹೊರಡಬಹುದು, ದಾರಿಯಲ್ಲಿ ಎದುರು ಸಿಕ್ಕರೆ ತಲೆ ಎತ್ತಿ ಮಾತಾಡಬಹುದು ಎಂದುಕೊಂಡು ಕೂತೆ. ಆಗ ಮಾಷ್ಟ್ರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ಹಂಗಾರೆ ಅಂದ್ ನನ್ನ ಕೈ ನೀವ್ ಕಾಣ್ಲೇ ಇಲ್ಯಾ?"

"ಕಾಣ್ಲಿಲ್ಲೆ ಮಾಷ್ಟ್ರೇ" ಎಂದೆ.

ಅವರು ಮುಖವನ್ನು ಅಂಗಳದ ಕಡೆ ತಿರುಗಿಸಿದರು. ಆಮೇಲೆ ಹೇಳಿದರು.

"ಕಂಡೂ ಮಾಡಿದ್ರಿ ಅಂದ್ಕಂಡಿದ್ದೆ ನಾನ್. ಹಣ ಹಾಕ್ದವ್ರ್ ಹೇಳಿರ್, ನಿಮ್ಗೂ ಬೇರೆ ದಾರಿ ಇಲ್ಲೆ ಅಂದ್ಕಂಡ್ ಸುಮ್ನಿದ್ದೆ."

ಇಷ್ಟು ವರ್ಷ ಅವರು ನನ್ನನ್ನು, ಬೇರೆಯವರ ಮಾತಿಗೆ ಕಟ್ಟುಬಿದ್ದು ತಪ್ಪು ಮಾಡಿದ, ಆದರೆ ಕೆಲಸ ಬಲ್ಲ ಮನುಷ್ಯ ಎಂದು ಇಟ್ಟುಕೊಂಡಿದ್ದರು. ಹೊಟ್ಟೆಪಾಡು ಎಂದು ಎಂದೋ ಕ್ಷಮಿಸಿದ್ದರು. ಎರಡು ಗಂಟೆ ಎದುರು ಕೂತವನು ತಮ್ಮ ಕೈಯನ್ನು ಒಮ್ಮೆಯೂ ಸರಿಯಾಗಿ ಕಂಡಿರಲಿಲ್ಲ ಎಂಬುದು ಅವರಿಗೆ ತಿಳಿದದ್ದು ಈಗ. ಅದನ್ನು ಅವರ ಮನೆಯವರೆಗೆ ಹೊತ್ತು ತಂದು ಹೇಳಿ, ನಾನು ಹಗುರಾಗಿ ಕೂತಿದ್ದೆ.

ಮಗಳು ಒಳಗಿನಿಂದ ಕಾಫಿ ಇಡುತ್ತೇನೆ ಅಣ್ಣ ಎಂದು ಕೂಗಿದಳು. ಮಾಷ್ಟ್ರು ತೊಡೆಯ ಮೇಲಿದ್ದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡರು.

"ಹೊರಡಿ. ಬಸ್ಸಿಗ್ ಹೊತ್ತಾಯ್ತ್ ನಿಮ್ಗೆ" ಎಂದರು.

ಆಗ ಮೂರು ಗಂಟೆ. ಆ ಹೆದ್ದಾರಿಯಲ್ಲಿ ಕುಂದಾಪುರಕ್ಕೆ ಹತ್ತು ನಿಮಿಷಕ್ಕೊಂದು ಬಸ್ಸಿದೆ.